ಉಣಕಲ್ ಕೆರೆಗೊಂದು ಹಡಗು ಬೇಕು

ಸೋಮವಾರ ಬೆಳಗ್ಗೆ ಗೋವಾದಿಂದ ಬಂದ ಗೆಳೆಯನನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಬಸ್ ನಿಲ್ದಾಣದಿಂದ ಬೈಕಿನಲ್ಲಿ ಕರೆತಂದೆ. ಕೈಯಲ್ಲಿ ಒಂದು ಕಿಲೋ ಗೋಡಂಬಿ ಪ್ಯಾಕೆಟ್ಟು, ಜೇಬಿನಲ್ಲಿ ಹರಿದ ಬಸ್ ಟಿಕೆಟ್ಟು. ಅಷ್ಟೇ. ಶನಿವಾರ ಹೋಗುವಾಗ ಅದೇ ಜೇಬಿನಲ್ಲಿ ಅಂಗಡಿಯ ನಲವತ್ತು ಸಾವಿರ ಇತ್ತು.

ಚಹಾ ಒಳಗೆ ಹೋಗುತ್ತಿದ್ದಂತೆ ಅವನಿಗೆ ರಾಜ್ಯದ ಖಜಾನೆಯ ಚಿಂತೆ ಶುರುವಾಯಿತು. ಜೂಜಿನಲ್ಲಿ ಸೋತು ಬಂದವರಿಗೆ ಅದು ಸ್ವಲ್ಪ ಜಾಸ್ತಿ.

“ನಮ್ಮ ರೊಕ್ಕ ಗೋವಾಕ್ಕ ಯಾಕ ಹೋಗಬೇಕಪಾ? ನಮ್ಮ ಉಣಕಲ್ ಕೆರಿಯೊಳಗ ಅಲ್ಲಿಯಂಗ ಒಂದು ಕ್ಯಾಸಿನೊ ಹಡಗು ನಿಲ್ಸಿದ್ರ ಸರ್ಕಾರಕ್ಕ ಎಷ್ಟ್ ತೆರಿಗಿ ಬರತೈತಿ, ಲೆಕ್ಕಾ ಹಾಕಿ ನೋಡು.”

ಹಾಕಿ ನೋಡಿದೆ. ರೂಲೆಟ್ ಅಂದರೆ ಜೂಜಿನ ಚಕ್ರ, ಚೆಂಡು ಬಿದ್ದ ಮನೆಗೆ ಹಣ ಇಟ್ಟವನು ಗೆದ್ದ. ಒಂದೇ ಸೊನ್ನೆ ಇರುವ ಚಕ್ರಕ್ಕೆ 37 ಮನೆ. ನಮ್ಮೂರಿನ 37 ಜನ ಒಂದೊಂದು ಮನೆಗೆ ನೂರು ರೂಪಾಯಿ ಇಟ್ಟರು ಅನ್ನಿ. ಒಟ್ಟು 3,700. ಗೆದ್ದವನಿಗೆ, ಅವನದೇ ನೂರೂ ಸೇರಿ, 3,600. ಉಳಿದ ನೂರು ಹಡಗಿನವರಿಗೆ. ಚಕ್ರ ಮತ್ತೆ ತಿರುಗಿತು, ಮತ್ತೊಂದು ನೂರು. ಹೀಗೆ 37 ಸಲ ತಿರುಗುವಷ್ಟರಲ್ಲಿ, ಮೊದಲು ತಂದಿದ್ದಷ್ಟು ಪೂರ್ತಿ ಹಡಗಿಗೆ. ಯಾರೂ ಮೋಸ ಮಾಡಿಲ್ಲ. ಚಕ್ರದ ಲೆಕ್ಕವೇ ಹಾಗೆ.

ಬ್ಯಾಡಗಿ ಯಾರ್ಡಿನಲ್ಲಿ ಒಂದು ಚೀಲ ಮೆಣಸಿನಕಾಯಿ ಮಾರಾಟವಾದರೆ ರೈತ, ಹಮಾಲ, ದಲಾಲ, ಲಾರಿಯವನು, ಎದುರಿನ ಚಹಾದಂಗಡಿಯವನು, ಎಲ್ಲರ ಕೈಗೂ ನಾಲ್ಕು ಕಾಸು. ಕೊನೆಗೆ ಯಾರದೋ ಸಾರಿಗೆ ಬಣ್ಣವಾದರೂ ಬರುತ್ತದೆ. ಇಲ್ಲಿ ಚಕ್ರ ತಿರುಗಿದ್ದು ಬಿಟ್ಟರೆ ಏನೂ ಹುಟ್ಟಲಿಲ್ಲ. ದುರ್ಗದಬೈಲಿನ ಸೀರೆ ಅಂಗಡಿಗೆ ಹೋಗಬೇಕಿದ್ದ ನೋಟು ಹಡಗು ಹತ್ತಿತು ಅಷ್ಟೇ. ಹಡಗು ತೋರಿಸುವ ಆದಾಯವನ್ನು ಸರ್ಕಾರ ಎಣಿಸುತ್ತದೆ. ಸೀರೆ ಅಂಗಡಿಯವನು ಖಾಲಿ ಕೂತದ್ದನ್ನು ಯಾವ ಇಲಾಖೆಯೂ ಎಣಿಸುವುದಿಲ್ಲ.

“ಆದ್ರೂ ತೆರಿಗಿ?” ಅಂದ. ಇದೆಯಪ್ಪಾ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗೆ ಜಿಎಸ್‌ಟಿ ಶೇ 40. ಅರ್ಧ ದೆಹಲಿಗೆ, ಅರ್ಧ ಪಣಜಿಗೆ. ಹುಬ್ಬಳ್ಳಿಗೆ ಗೋಡಂಬಿ.

ಗೋವಾದವರ ಜಾಣತನ ಮೆಚ್ಚಬೇಕು. 2020ರ ಫೆಬ್ರುವರಿಯಿಂದ ಅಲ್ಲಿನ ಕ್ಯಾಸಿನೊಗಳಲ್ಲಿ ಗೋವಾದವರೇ ಆಡುವಂತಿಲ್ಲ. ಬಾಗಿಲು ತೆರೆದಿರುವುದು ಹೊರಗಿನವರಿಗೆ, ಅಂದರೆ ನಮಗೆ. ಮನೆಯವರಿಗೆ ಬಡಿಸದ ಅಡುಗೆಯನ್ನು ಬೀಗರಿಗೆ ಬಡಿಸಿದ ಹಾಗೆ.

ಹಡಗುಗಳು ನಿಂತಿರುವುದು ಮಾಂಡೋವಿ ನದಿಯಲ್ಲಿ. ಮಾಂಡೋವಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ. ನರಗುಂದದ ರೈತರು 2015ರಿಂದ ಧರಣಿ ಕೂತದ್ದು ಇದರ ನೀರಿಗೇ. 2018ರಲ್ಲಿ ನ್ಯಾಯಮಂಡಳಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ಕೊಟ್ಟಿತು. ಕಾಗದದ ಮೇಲೆ. ನೀರು ಈ ಕಡೆ ಬರಲಿಲ್ಲ. ರೊಕ್ಕ ಮಾತ್ರ ಯಾವ ನ್ಯಾಯಮಂಡಳಿಯ ಅಪ್ಪಣೆಯನ್ನೂ ಕೇಳದೆ ಪ್ರತಿ ಶನಿವಾರ ಘಟ್ಟ ಇಳಿದು, ಅದೇ ನೀರಿನ ಮೇಲೆ ತೇಲುತ್ತದೆ.

ಇರಲಿ, ಉಣಕಲ್‌ಗೆ ಬರೋಣ. ಗೋವಾದ ನಿಯಮವನ್ನೇ ನಾವೂ ತಂದರೆ ಹುಬ್ಬಳ್ಳಿಯವರು ಹುಬ್ಬಳ್ಳಿ ಹಡಗು ಹತ್ತುವಂತಿಲ್ಲ. ಹತ್ತುವವರು ಯಾರು? ಸ್ವಂತ ಊರಿನಲ್ಲಿ ಆಡಲು ಬಿಡದ ಗೋವಾದವರು! ನಾವು ಅಲ್ಲಿಗೆ ಸೋಲಲು, ಅವರು ಇಲ್ಲಿಗೆ ಸೋಲಲು. ಶನಿವಾರ ಸಂಜೆ ಘಟ್ಟದ ತಿರುವಿನಲ್ಲಿ ಎರಡೂ ಬಸ್ಸುಗಳು ಎದುರಾಗಿ ಲೈಟ್ ಹಾಕಿ ನಮಸ್ಕಾರ ಹೇಳುತ್ತವೆ. ಎರಡೂ ಬಜೆಟ್‌ಗಳಲ್ಲಿ ಪ್ರವಾಸೋದ್ಯಮ ಏರುತ್ತದೆ. ಅವರೂ ವಾಪಸ್ ಹೋಗುವಾಗ ಮನೆಗೆ ಒಂದು ಕಿಲೋ ಧಾರವಾಡ ಪೇಡೆ ಒಯ್ಯುತ್ತಾರೆ.

ಪೊಲೀಸರಿಗೆ ಮಾತ್ರ ಗೊಂದಲವಾದೀತು. ನಮ್ಮಲ್ಲಿ ಬೇವಿನ ಮರದ ಕೆಳಗೆ ಎಂಟು ಜನ ಅಂದರ್ ಬಾಹರ್ ಆಡಿದರೆ ಮರುದಿನ ಪೇಪರಿನಲ್ಲಿ ‘ನಗದು ವಶ’. ಲಾಟರಿಯನ್ನು 2007ರಲ್ಲೇ ನಿಲ್ಲಿಸಿದೆವು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವುದಕ್ಕೆ 2025ರಲ್ಲಿ ಕೇಂದ್ರದ ನಿಷೇಧ. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಕುದುರೆ ಓಡಿದರೆ ಅದು ಕೌಶಲದ ಆಟ, 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೌಶಲ ಕುದುರೆಯದೋ, ಟಿಕೆಟ್ ತಗೊಂಡವನದೋ ಎಂದು ಕೇಳುವ ಧೈರ್ಯ ನನಗಿಲ್ಲ. ಹಾಗಾದರೆ ಮರದ ಕೆಳಗಿನವರು ಮಾಡಿದ ತಪ್ಪೇನು? ಕೆಳಗೆ ನೀರಿರಲಿಲ್ಲ. ಹಾಸಿಕೊಂಡ ಚಾಪೆಯಲ್ಲೇ ಕೆರೆಗೆ ಇಳಿದಿದ್ದರೆ ಪ್ರವಾಸೋದ್ಯಮವಾಗುತ್ತಿತ್ತು, ಅಲ್ವಾ?

ಗೆಳೆಯನನ್ನು ಮನೆಗೆ ಬಿಟ್ಟೆ. ಓಣಿಗೆ ನಳ ಬಂದು ಆರು ದಿನವಾಗಿತ್ತು. ಅವನ ಹೆಂಡತಿ ಖಾಲಿ ಕೊಡಗಳ ಸಾಲು ದಾಟಿ ಬಂದು ಪ್ಯಾಕೆಟ್ಟು ಇಸಿದುಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನನ್ನೇ ಕೇಳಿದರು:

“ಕಿಲೋ ಎಷ್ಟ್ ಬಿತ್ತಂತ್ರೀ ಅಣ್ಣಾ ಇದು?”

ನಾನು ಬೈಕಿಗೆ ಕಿಕ್ ಹೊಡೆದೆ.