ನಿನ್ನೆಯ ಮುಸುರೆ

ನಮ್ಮ ವಿಜಯಪುರದ ಮನೆಯಲ್ಲಿ ರಾತ್ರಿಯ ಮುಸುರೆ ತಿಕ್ಕಿ, ಒಲೆಯ ಕಟ್ಟೆ ಒರೆಸದೆ ಯಾರೂ ಮಲಗುವುದಿಲ್ಲ. ಬೆಳಿಗ್ಗೆ ರೊಟ್ಟಿಗೆಂದು ಹಂಚು ಇಡುವವರು ನಿನ್ನೆಯ ತಟ್ಟೆಯ ಮುಖ ನೋಡಬಾರದೆಂಬುದು ಅವ್ವ ಹಾಕಿಕೊಟ್ಟ ಪದ್ಧತಿ. ಈ ಪದ್ಧತಿಗೆ ಒಗ್ಗದೆ ಉಳಿದದ್ದು ನನ್ನ ಮೇಜಿನ ಮೇಲಿನ ಕಂಪ್ಯೂಟರ್ ಒಂದೇ.

ರಾತ್ರಿ ಅದು ತೆವಳತೊಡಗಿದಾಗ ರೀಸ್ಟಾರ್ಟ್ ಒತ್ತಿ ಮಲಗಿದ್ದೆ. ಬೆಳಿಗ್ಗೆ ಪಾಸ್‌ವರ್ಡ್ ಕೊಟ್ಟು ಚಹಾದ ಕಪ್ಪು ಕೈಗೆತ್ತಿಕೊಳ್ಳುವಷ್ಟರಲ್ಲಿ ಒಣದ್ರಾಕ್ಷಿಯ ಪೇಟೆಧಾರಣೆ, ಸೊಲ್ಲಾಪುರದ ರೈಲಿನ ವೇಳೆ, ಒಂದು ಕ್ಯಾಲ್ಕುಲೇಟರ್, ಇವೆಲ್ಲದರ ಮೇಲೆ ಬೀಗರಿಗೆ ಸಿಟ್ಟಿನಲ್ಲಿ ಬರೆದು, ಕಳಿಸಲು ಧೈರ್ಯ ಸಾಲದೆ ಬಿಟ್ಟಿದ್ದ ಮಿಂಚಂಚೆ, ಹೀಗೆ ಒಂದೊಂದಾಗಿ ಎದ್ದು ಬಂದು ಪರದೆಯ ತುಂಬ ಕುಳಿತವು. ಬೀಗರು ಆಗ ಪಡಸಾಲೆಯಲ್ಲೇ ಇದ್ದರು. ಅಕ್ಷರ ಕೂಡಿಸಿ ಓದಲು ಈಚೆಗಷ್ಟೇ ಕಲಿತಿರುವ ಮೊಮ್ಮಗಳು ಮೊದಲ ಸಾಲನ್ನು ಗಟ್ಟಿಯಾಗಿಯೇ ಓದಿ, "ಅಜ್ಜಾ, ಯಾರಿಗಿ ಬರದೀರಿ ಇದನ್ನ?" ಎಂದು ಕೇಳಿದಳು.

ಅಂದೇ ಸೆಟ್ಟಿಂಗ್ಸ್ ಹೊಕ್ಕೆ. ರೀಸ್ಟಾರ್ಟ್ ಆದ ಮೇಲೆ ಹಿಂದೆ ತೆರೆದಿದ್ದ ಆ್ಯಪ್‌ಗಳನ್ನು ತಾನಾಗಿಯೇ ಮತ್ತೆ ತೆರೆಯುವ, ವಿಂಡೋಸ್ 10ಕ್ಕೆ 2017ರಲ್ಲಿ ಅಂಟಿಕೊಂಡ ಈ ಉಪಕಾರಬುದ್ಧಿಗೆ ಅಕೌಂಟ್ಸ್‌ನ ಒಳಗೆ, ಸೈನ್ ಇನ್ ಆಪ್ಶನ್ಸ್‌ನ ಅಡಿಯಲ್ಲಿ ಒಂದು ಗುಂಡಿಯಿದೆ. ರೀಸ್ಟಾರ್ಟೆಬಲ್ ಆ್ಯಪ್ಸ್ ಎಂಬ ಮಾತಿರುವ ಅದನ್ನು ಆಫ್ ಮಾಡಿದೆ. ಆದರೂ ಪುಟಗಳು ಬಂದವು, ಏಕೆಂದರೆ ಬಿಟ್ಟಲ್ಲಿಂದ ಮುಂದುವರಿಯಬೇಕೆಂಬ ಇನ್ನೊಂದು ಆಜ್ಞೆ ಬ್ರೌಸರಿನ ಸ್ವಂತ ಸೆಟ್ಟಿಂಗ್ಸ್‌ನಲ್ಲಿ ಬೇರೆಯಾಗಿಯೇ ಕುಳಿತಿತ್ತು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿರುವ, ಕಂಪ್ಯೂಟರ್ ಶುರುವಾದಾಗ ತಾವಾಗಿ ಏಳುವ ಆ್ಯಪ್‌ಗಳದು ಮತ್ತೊಂದು ಜಾತಿ. ನಿನ್ನೆ ತೆರೆದಿರಲಿ ಬಿಡಲಿ, ಅವರು ಆಮಂತ್ರಣವಿಲ್ಲದ ನೆಂಟರಂತೆ ದಿನವೂ ಬರುವವರು. ಬೆಳಗಾವಿಯಲ್ಲಿರುವ ತಂಗಿಯ ಮಗನ ಮ್ಯಾಕ್ ಈ ವಿಷಯದಲ್ಲಿ ತುಸು ಮರ್ಯಾದಸ್ಥ ಎನ್ನಬೇಕು. ಅದರಲ್ಲಿಯೂ 2011ರ ಲಯನ್ ಆವೃತ್ತಿಯಿಂದ ಈ ಚಾಳಿ ಇದೆಯಾದರೂ, ರೀಸ್ಟಾರ್ಟ್ ಮಾಡುವಾಗ ಕಿಟಕಿಗಳನ್ನು ಮತ್ತೆ ತೆರೆಯಬೇಕೇ ಎಂದು ಒಂದು ಚೌಕವನ್ನು ಮುಂದಿಟ್ಟು ಕೇಳುತ್ತದೆ. ನನ್ನ ತಕರಾರು ಇರುವುದು ತೆರೆಯುವುದರ ಬಗ್ಗೆ ಅಲ್ಲ, ಕೇಳದೆ ತೆರೆಯುವುದರ ಬಗ್ಗೆ.

ಇಷ್ಟು ನೆನಪಿನ ಶಕ್ತಿಯುಳ್ಳ ಯಂತ್ರ ಕರೆಂಟ್ ಹೋದಾಗ ಮಾತ್ರ ಮಂಕಾಗುತ್ತದೆ. ತೆರೆದಿದ್ದವುಗಳ ಪಟ್ಟಿಯನ್ನು ಅದು ಬರೆದಿಟ್ಟುಕೊಳ್ಳುವುದು ನಾವು ವಿಧಿವತ್ತಾಗಿ ಸೈನ್ ಔಟ್ ಆಗುವಾಗ. ಬೇಸಿಗೆಯ ಬಿರುಗಾಳಿಗೆ ಅಷ್ಟು ಪುರಸೊತ್ತು ಎಲ್ಲಿಯದು? ಮೊನ್ನೆ ಗಾಳಿ ಬೀಸಿ ದೀಪ ಹೋಯಿತು. ಹಳೆಯ ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು. ದೀಪ ಬಂದ ಮೇಲೆ ಪರದೆ ಒರೆಸಿಟ್ಟ ಒಲೆಕಟ್ಟೆಯಂತೆ ಬರಿದಾಗಿತ್ತು. ಬ್ರೌಸರನ್ನು ನಾನಾಗಿ ತೆರೆದಾಗ, ಹಿಂದಿನ ಪುಟಗಳನ್ನು ಮರಳಿ ತರಲೇ ಎಂದು ಅದು ಮೂಲೆಯಿಂದ ಮೆಲ್ಲಗೆ ಕೇಳಿತು. ಬೇಡವೆಂದು ಮುಚ್ಚಿದೆ, ಬೀಗರ ಪತ್ರ ಇನ್ನೂ ಅದರೊಳಗೇ ಇತ್ತು.