ಏಳು ಬಟ್ಟೆ ಕ್ಲಿಪ್ಪು, ಒಂದು ಕಸೂತಿ ರಿಂಗು

ಆರು ಗಾಬ್ಲಿನ್‌ಗಳನ್ನು, ಅಂದರೆ ಕಥೆಯ ಕುಳ್ಳ ರಾಕ್ಷಸರನ್ನು, ಕೊಲ್ಲಲು ನಮಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಆಟದ ಲೆಕ್ಕದಲ್ಲಿ ಆ ಕಾಳಗ ನಡೆದದ್ದು ಐದೇ ಸುತ್ತು. ಒಂದು ಸುತ್ತೆಂದರೆ 6 ಸೆಕೆಂಡು, ಅಂದರೆ ಒಟ್ಟು ಅರ್ಧ ನಿಮಿಷದ ಹೊಡೆದಾಟ. ಅಷ್ಟರಲ್ಲಿ ಎರಡು ಸಲ ಕಾಫಿಯಾಗಿತ್ತು, ಒಬ್ಬ ಬಾಲ್ಕನಿಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದಿದ್ದ, "ಈಗ ನನ್ನ ಸರದಿಯೇ?" ಎಂಬ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಡಂಜನ್ ಮಾಸ್ಟರ್ ಅಥವಾ ಡಿಎಂ ಎನಿಸಿಕೊಂಡವನು ಕಥೆ ನಡೆಸುತ್ತಾನೆ, ಉಳಿದವರು ಕೂತಲ್ಲೇ ಮಾತಿನಲ್ಲಿ ಪಾತ್ರಗಳಾಗುತ್ತಾರೆ. ತಾಳಮದ್ದಳೆ ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಬಾಣ ತಗಲಿತೋ ಇಲ್ಲವೋ ಎಂಬುದನ್ನು ಅರ್ಥಧಾರಿಯ ವಾಕ್ಚಾತುರ್ಯ ತೀರ್ಮಾನಿಸುವುದಿಲ್ಲ, ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ನಮ್ಮ ಮೇಜಿನ ಡಿಎಂ ನಾನೇ. ಆಟ ಆಮೆಯ ಹಾಗೆ ತೆವಳುವುದನ್ನು ನೋಡಲಾರದೆ ಮೊದಲು ದುಡ್ಡು ಸುರಿದೆ. ಲೋಹದ ದಾಳಗಳು ಬಂದವು, ತೇಗದ ಊಟದ ಮೇಜಿನ ಮೇಲೆ ಗುಳಿ ಬಿದ್ದವು. ದಾಳಗಳನ್ನು ಮೇಲಿನಿಂದ ಹಾಕಿದರೆ ಮೆಟ್ಟಿಲ ಮೇಲೆ ಉರುಳಿ ಕೆಳಗೆ ಬರುವ ಮರದ ಗೋಪುರ ಬಂತು. ಎಂಟು ದಾಳ ಹಾಕಿದರೆ ಏಳು ಹೊರಬರುತ್ತಿದ್ದವು, ಎಂಟನೆಯದಕ್ಕೆ ಗೋಪುರವನ್ನು ತಲೆಕೆಳಗು ಮಾಡಿ ಕುಲುಕಬೇಕು. ನೋಡಲು ಚೆಂದ, ಈಗ ಷೋಕೇಸಿನಲ್ಲಿದೆ.

ಆಮೇಲೆ ಒಂದು ಭಾನುವಾರ ಬೇಕೆಂದೇ ಗಮನಿಸಿದೆ. ದಾಳ ಉರುಳಿ ನಿಲ್ಲಲು ಎರಡೋ ಮೂರೋ ಸೆಕೆಂಡು ಸಾಕು. ಹೊತ್ತು ಹೋಗುತ್ತಿದ್ದದ್ದು ದಾಳ ಕೈಗೆ ಬರುವ ಮೊದಲೇ. ತನ್ನ ಸರದಿ ಬಂದಿದೆ ಎಂದು ತಿಳಿದ ಮೇಲೆ ಯೋಚಿಸಲು ಶುರು ಮಾಡುವುದು, ಆಮೇಲೆ ನಿಯಮದ ಪುಸ್ತಕ ಹುಡುಕುವುದು, ಪುಸ್ತಕ ಸಿಕ್ಕಿದ ಮೇಲೆ ಪುಟ ಹುಡುಕುವುದು. ಇದಕ್ಕೆ ಯಾವ ಗೋಪುರ ಏನು ಮಾಡೀತು?

ಔಷಧಿ ಬಟ್ಟೆ ಒಣಹಾಕುವ ತಂತಿಯ ಮೇಲೆಯೇ ಇತ್ತು. ಏಳು ಮರದ ಕ್ಲಿಪ್ಪು ತೆಗೆದುಕೊಂಡು, ಐದರ ಮೇಲೆ ಆಟಗಾರರ ಪಾತ್ರಗಳ ಹೆಸರು, ಎರಡರ ಮೇಲೆ ಶತ್ರುಗಳು ಎಂದು ಬರೆದೆ. ಕಾಳಗ ಶುರುವಾಗುವಾಗ ಇನಿಶಿಯೇಟಿವ್‌ಗೆ, ಅಂದರೆ ಯಾರ ಸರದಿ ಮೊದಲು ಎಂದು ತಿಳಿಯಲು, ದಾಳ ಹಾಕುತ್ತಾರಲ್ಲ, ಬಂದ ಸಂಖ್ಯೆಯ ಕ್ರಮದಲ್ಲಿ ಅವನ್ನು ನನ್ನ ಮುಂದಿನ ರಟ್ಟಿನ ಪರದೆಯ ಅಂಚಿಗೆ ಸಿಕ್ಕಿಸುತ್ತೇನೆ. ಮೊದಲು ಈ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿತ್ತು, ಅಂದರೆ ನನಗೊಬ್ಬನಿಗೇ ಗೊತ್ತಿತ್ತು. ಈಗ ಎಲ್ಲರ ಕಣ್ಣೆದುರಿಗಿದೆ. ತನ್ನ ಹಿಂದಿನವನ ಕ್ಲಿಪ್ಪಿಗೆ ಸರದಿ ಬಂದ ಕೂಡಲೇ ನಮ್ಮ ಮಾಂತ್ರಿಕ ತಾನಾಗಿ ಕಾಗದ ತಿರುವುತ್ತಾನೆ. ಬಾಲ್ಕನಿಗೆ ಹೋಗುವವನೂ ಒಮ್ಮೆ ಪರದೆ ನೋಡಿಕೊಂಡೇ ಏಳುತ್ತಾನೆ.

ಪುಸ್ತಕದ ಕಾಟ ತಪ್ಪಿಸಿದ್ದು ಮಂತ್ರಗಳ ಚೀಟಿ. ಒಂದು ಚೀಟಿಗೆ ಒಂದು ಮಂತ್ರ. ಅಂಗಡಿಯಲ್ಲಿ ಅಚ್ಚಾದ ಕಾರ್ಡುಗಳೇ ಸಿಗುತ್ತವೆ, ಆದರೆ ಆಟಗಾರರಿಂದಲೇ ಬರೆಸುವುದು ಒಳ್ಳೆಯದು ಎಂಬುದು ನನ್ನ ಹಟ. ಕೈಯಾರೆ ಬರೆದದ್ದು ಅರ್ಧ ಬಾಯಿಪಾಠವಾಗಿರುತ್ತದೆ.

ಇನ್ನು ಫೈರ್‌ಬಾಲ್ ಎಂಬ ಮಂತ್ರ. 20 ಅಡಿ ತ್ರಿಜ್ಯದ ಬೆಂಕಿಯುಂಡೆ, ಪೆಟ್ಟಿಗೆ ಆರು ಮುಖದ 8 ದಾಳ. ಕಾಳಗದ ನಕ್ಷೆ ಬರೆಯುವ ನಮ್ಮ ವಿನೈಲ್ ಹಾಸಿನಲ್ಲಿ ಒಂದಿಂಚಿನ ಚೌಕವೆಂದರೆ 5 ಅಡಿ. ಯಾರು ಬೆಂಕಿಯೊಳಗೆ, ಯಾರು ಹೊರಗೆ ಎಂದು ಚೌಕ ಎಣಿಸುತ್ತಾ ಪ್ರತಿ ಸಲವೂ ಪಂಚಾಯಿತಿ. 20 ಅಡಿ ತ್ರಿಜ್ಯವೆಂದರೆ ಹಾಸಿನ ಮೇಲೆ ಎಂಟಿಂಚು ವ್ಯಾಸ. ಅಮ್ಮನ ಕಸೂತಿ ರಿಂಗು ಸರಿಯಾಗಿ ಎಂಟಿಂಚು! ಪಾತ್ರಗಳ ಬೊಂಬೆಗಳ ನಡುವೆ ಇಟ್ಟರೆ ವಾದವೇ ಇಲ್ಲ, ಒಳಗಿದ್ದವರು ಬೆಂದರು. ಮೂರನೆಯ ವಾರ ಅಮ್ಮ ಕೋಡುಬಳೆ ತಟ್ಟೆ ಹಿಡಿದು ಬಂದವರು ಹಾಗೆಯೇ ನಿಂತರು. "ಇದನ್ನು ಮನೆಯೆಲ್ಲಾ ಹುಡುಕಿದೆನಲ್ಲೋ. ಇದರಲ್ಲಿ ಏನು ಮಾಡುತ್ತಿದ್ದೀಯಾ?" "ಬೆಂಕಿ ಹಚ್ಚುತ್ತಿದ್ದೇನಮ್ಮ" ಎಂದೆ.

ಹಾಸಿನ ಬಗ್ಗೆ ಒಂದು ಎಚ್ಚರಿಕೆ. ಒದ್ದೆ ಬಟ್ಟೆಯಲ್ಲಿ ಒರೆಸುವ ಪೆನ್ನನ್ನೇ ಬಳಸಿ. ವೈಟ್‌ಬೋರ್ಡ್ ಪೆನ್ನಿನಲ್ಲಿ ಒಬ್ಬ ಮಹಾಶಯ ಗುಹೆ ಬರೆದ, ಅದು ಹೋಗಲೇ ಇಲ್ಲ. ಕಾಡಿರಲಿ, ಕಡಲಿರಲಿ, ಇವತ್ತಿಗೂ ನಮ್ಮ ಪ್ರತಿ ನಕ್ಷೆಯ ನಡುವೆ ಆ ಗುಹೆಯ ಗೋಡೆ ಹಾದುಹೋಗುತ್ತದೆ.

ಮರಳು ಗಡಿಯಾರವನ್ನೂ ತಂದಿದ್ದೆ, ಒಂದು ನಿಮಿಷದ್ದು. ಎರಡೇ ವಾರಕ್ಕೆ ತೆಗೆದಿಟ್ಟೆ. ಹಳಬರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಹೊಸದಾಗಿ ಬಂದ ಹುಡುಗಿ ಮಾತ್ರ ಮರಳು ನೋಡುತ್ತಾ ಮಾತೇ ಮರೆತಳು. ಮೊಬೈಲಿನ ದಾಳವೂ ನನಗೆ ಬೇಡ. ದಾಳ ಹಾಕಲೆಂದು ಎತ್ತಿಕೊಂಡ ಮೊಬೈಲು ಮೆಸೇಜ್ ನೋಡದೆ ಕೆಳಗಿಳಿದದ್ದನ್ನು ನಾನಂತೂ ಕಂಡಿಲ್ಲ.

ದುಡ್ಡೇ ಬೇಡದ ಉಪಾಯವೂ ಇದೆ. ಹೊಡೆತ ತಗಲಿತೇ ಎಂದು ಹೇಳುವ ದಾಳ, ಪೆಟ್ಟು ಎಷ್ಟು ಎಂದು ಹೇಳುವ ದಾಳ ಎರಡನ್ನೂ ಒಟ್ಟಿಗೇ ಉರುಳಿಸುವುದು. ತಗಲದಿದ್ದರೆ ಎರಡನೆಯದನ್ನು ಮರೆತರಾಯಿತು. ಶತ್ರುಗಳ ಪೆಟ್ಟಿಗಂತೂ ನಾನು ದಾಳವನ್ನೇ ಹಾಕುವುದಿಲ್ಲ. 2014ರ ಐದನೆಯ ಆವೃತ್ತಿಯಲ್ಲಿ ಸರಾಸರಿಯನ್ನು ಅಚ್ಚುಹಾಕಿಯೇ ಕೊಟ್ಟಿದ್ದಾರೆ: ಗಾಬ್ಲಿನ್ ಕತ್ತಿಗೆ 5.

ಕಳೆದ ವಾರ ಎಂಟು ಗಾಬ್ಲಿನ್, ಜೊತೆಗೊಂದು ಓಗರ್, ಅಂದರೆ ದೈತ್ಯ ರಾಕ್ಷಸ. ನಲವತ್ತು ನಿಮಿಷದಲ್ಲಿ ಮುಗಿಯಿತು. ಅಮ್ಮನಿಗೆ ಹತ್ತಿಂಚಿನ ಹೊಸ ರಿಂಗು ತಂದುಕೊಟ್ಟಿದ್ದೇನೆ. ಅವರಿಗೆ ಹಳೆಯದೇ ಬೇಕಂತೆ.