ಹಳೆಯ ಡಾಟ್ ಕಾನ್ಫಿಗ್ ನಕಲು ಮಾಡಿದರೆ ಸಾಕೇ? ಒಂದು ಸ್ಪಷ್ಟನೆ

ಡಾಟ್ ಕಾನ್ಫಿಗ್ ಎಂದರೆ ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಕಟ್ಟುವಾಗ ಯಾವ ಭಾಗ ಬೇಕು, ಯಾವುದು ಬೇಡ ಎಂದು ಬರೆದಿಡುವ ಕಡತ. ‘ಎಕ್ಸ್86 ಯಂತ್ರದ ಡಾಟ್ ಕಾನ್ಫಿಗ್ ಕಡತವನ್ನು ಹಾಗೇ ನಕಲು ಮಾಡಿ, ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿದರೆ ಆರ್ಮ್64 ಬೋರ್ಡಿಗೂ ಲಿನಕ್ಸ್ ಕರ್ನಲ್ ಸಿದ್ಧ’ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು. ಎಕ್ಸ್86, ಆರ್ಮ್64 ಎರಡೂ ಬೇರೆ ಬೇರೆ ಪ್ರೊಸೆಸರ್ ವಾಸ್ತುಗಳು (ಆರ್ಕಿಟೆಕ್ಚರ್); ಮೇಕ್ ಎಂಬುದು ಕರ್ನಲ್ ಕಟ್ಟುವ ಉಪಕರಣ, ಓಲ್ಡ್‌ಡೆಫ್‌ಕಾನ್ಫಿಗ್ ಹಳೆಯ ಡಾಟ್ ಕಾನ್ಫಿಗ್ ಅನ್ನು ಹೊಂದಿಸುವ ಅದರ ಆದೇಶ.

ಕಡತ ವ್ಯವಸ್ಥೆ, ನೆಟ್‌ವರ್ಕ್ ಪ್ರೋಟೋಕಾಲ್‌ಗಳಂಥ ಸಾಮಾನ್ಯ ಆಯ್ಕೆಗಳು ಉಳಿಯುತ್ತವೆ, ನಿಜ. ಆದರೆ ಚಿಪ್ ಕುಟುಂಬ, ಮೆಮೊರಿ ಪುಟದ ಗಾತ್ರದಂಥವು ಆರ್ಚ್ ಡೈರೆಕ್ಟರಿಯೊಳಗೆ ಆಯಾ ವಾಸ್ತುವಿನ ಕೆಕಾನ್ಫಿಗ್ (ಆಯ್ಕೆಗಳನ್ನೂ ಅವುಗಳ ಅವಲಂಬನೆಗಳನ್ನೂ ಪಟ್ಟಿಮಾಡುವ) ಕಡತಗಳಿಂದ ಬರುತ್ತವೆ. ಗುರಿ ವಾಸ್ತುವಿನಲ್ಲಿಲ್ಲದ ಆಯ್ಕೆಗಳ ಹೆಸರುಗಳನ್ನು ಓಲ್ಡ್‌ಡೆಫ್‌ಕಾನ್ಫಿಗ್ ಕೇಳದೆಯೇ ಕೈಬಿಡುತ್ತದೆ. ಹೊಸದಕ್ಕೆ ಪೂರ್ವನಿಯೋಜಿತ ಮೌಲ್ಯ ತುಂಬುತ್ತದೆ. ನಿಮ್ಮ ಬೋರ್ಡಿನ ಆಯ್ಕೆಯ ಪೂರ್ವನಿಯೋಜಿತ ಮೌಲ್ಯ ‘ಬೇಡ’ ಎಂದಿದ್ದರೆ, ಅದನ್ನೇ ಅವಲಂಬಿಸಿದ ಚಾಲಕಗಳು (ಡ್ರೈವರ್) ಮೆನುವಿನಲ್ಲೂ ಕಾಣುವುದಿಲ್ಲ. ಮೆನುಕಾನ್ಫಿಗ್‌ನಲ್ಲಿ (ಆಯ್ಕೆಗಳನ್ನು ಮೆನುವಾಗಿ ತೋರಿಸುವ ಮೇಕ್ ಆದೇಶ) ಓರೆಗೆರೆ (/) ಒತ್ತಿ ಹೆಸರು ಹುಡುಕಿ: ಯಾವ ಅವಲಂಬನೆ ತಪ್ಪಿದೆ ಎಂದು ಅದೇ ಹೇಳುತ್ತದೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಸಾಮಾನ್ಯ. ಗುರಿ ವಾಸ್ತು ಯಾವುದೆಂದು ಹೇಳುವ ಆರ್ಚ್ ಚರಾಂಶ ಕೊಡದಿದ್ದರೆ ಮೇಕ್ ತಾನು ಓಡುತ್ತಿರುವ ಯಂತ್ರದ ವಾಸ್ತುವನ್ನೇ ಹಿಡಿಯುತ್ತದೆ. ಡೆಫ್‌ಕಾನ್ಫಿಗ್‌ಗೆ (ವಾಸ್ತುವಿನ ಪೂರ್ವನಿಯೋಜಿತ ಡಾಟ್ ಕಾನ್ಫಿಗ್ ತಯಾರಿಸುವ ಆದೇಶ) ಆರ್ಮ್64 ಎಂದು ಕೊಟ್ಟು ಮೆನುಕಾನ್ಫಿಗ್‌ಗೆ ಮರೆತರೆ, ಉಳಿಸಿದ ಕ್ಷಣ ಕಡತ ಎಕ್ಸ್86ಗೆ ಮರಳುತ್ತದೆ, ಆರ್ಮ್ ಆಯ್ಕೆಗಳು ಮಾಯ. ಆದ್ದರಿಂದ ಆರ್ಚ್ ಮತ್ತು ಕ್ರಾಸ್ ಕಂಪೈಲ್ (ಗುರಿ ವಾಸ್ತುವಿನ ಕಂಪೈಲರ್ ಹೆಸರಿನ ಮುಂಭಾಗ ಹೇಳುವ ಚರಾಂಶ) ಎರಡನ್ನೂ ಶೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿಬಿಡಿ. ಎರಡನೆಯದರ ಕೊನೆಯ ಅಡ್ಡಗೆರೆ (-) ಬಿಡಬೇಡಿ, ಬಿಟ್ಟರೆ ಕಂಪೈಲರ್ ಸಿಗುವುದಿಲ್ಲ.

ಸರಿಯಾದ ಕ್ರಮವೆಂದರೆ ಗುರಿ ವಾಸ್ತುವಿನ ಡೆಫ್‌ಕಾನ್ಫಿಗ್‌ನಿಂದ ಶುರುಮಾಡಿ, ಸ್ಕ್ರಿಪ್ಟ್ಸ್ ಡೈರೆಕ್ಟರಿಯ ಡಿಫ್‌ಕಾನ್ಫಿಗ್‌ನಿಂದ ಹಳೆಯದರೊಂದಿಗೆ ಹೋಲಿಸಿ, ಬೇಕಾದ ಸಾಮಾನ್ಯ ಆಯ್ಕೆಗಳನ್ನಷ್ಟೇ ಸೇರಿಸುವುದು. ಅನುಮಾನ ಬಂದರೆ ಡಾಟ್ ಕಾನ್ಫಿಗ್‌ನ 3ನೇ ಸಾಲು ನೋಡಿ, ವಾಸ್ತುವಿನ ಹೆಸರು ಅಲ್ಲೇ ಇರುತ್ತದೆ.